ಜಾಹಿಜ್‌ನ ಪ್ರಾಣಿಗಳು, ಮಸೂದಿಯ ನಾವಿಕರು

‘ಡಾರ್ವಿನ್‌ಗಿಂತ ಸಾವಿರ ವರ್ಷ ಮೊದಲೇ ವಿಕಾಸವಾದ ಹೇಳಿದವನು’ ಎಂದು ಬಸ್ರಾದ ಲೇಖಕ ಅಲ್-ಜಾಹಿಜ್‌ನನ್ನು ಈಚೆಗೆ ಅನೇಕರು ಕೊಂಡಾಡುತ್ತಾರೆ. ಈ ಹೊಗಳಿಕೆ ನನಗೆ ಒಪ್ಪಿಗೆಯಾಗುವುದಿಲ್ಲ. ಯಾರದೋ ಕಿರೀಟವನ್ನು ತಂದು ಇವನ ತಲೆಗೆ ತೊಡಿಸುವ ಭರದಲ್ಲಿ ಇವನ ಮುಖವೇ ಮರೆಯಾಗಿಬಿಡುತ್ತದೆ.

ಅವನ ನಿಜನಾಮ ಅಬೂ ಉಸ್ಮಾನ್ ಅಮ್ರ್ ಇಬ್ನ್ ಬಹ್ರ್. ಜಾಹಿಜ್ ಎಂದರೆ ಉಬ್ಬುಗಣ್ಣಿನವನು; ಅದು ಊರವರು ಇಟ್ಟ ಅಡ್ಡಹೆಸರು. ಸುಮಾರು 776ರಲ್ಲಿ ಬಡಕುಟುಂಬದಲ್ಲಿ ಹುಟ್ಟಿದ. ಹುಡುಗನಾಗಿದ್ದಾಗ ಕಾಲುವೆಯ ದಂಡೆಯಲ್ಲಿ ರೊಟ್ಟಿ, ಮೀನು ಮಾರುತ್ತಿದ್ದನಂತೆ. ಪುಸ್ತಕದಂಗಡಿಗಳನ್ನು ಬಾಡಿಗೆಗೆ ಹಿಡಿದು, ರಾತ್ರಿಯೆಲ್ಲ ಅಲ್ಲೇ ಕುಳಿತು ಓದುತ್ತಿದ್ದ ಎಂಬ ಕಥೆಯೂ ಇದೆ.

ಅವನ ‘ಕಿತಾಬ್ ಅಲ್-ಹಯವಾನ್’ (ಪ್ರಾಣಿಗಳ ಪುಸ್ತಕ) ಏಳು ಸಂಪುಟಗಳದ್ದು. ಮೊದಲೆರಡು ಸಂಪುಟಗಳ ಬಹುಭಾಗ ನಾಯಿ ಹೆಚ್ಚೋ ಹುಂಜ ಹೆಚ್ಚೋ ಎಂಬ ವಾದಕ್ಕೇ ಹೋಗಿದೆ. ನಡುವೆ ಕವಿತೆ, ಗಾದೆ, ಧರ್ಮಚರ್ಚೆ, ನಗೆಮಾತು. ಆದರೆ ಆ ಹರಟೆಯ ಒಳಗೇ ಸೂಕ್ಷ್ಮ ನೋಟವಿದೆ. ಇಲಿ ತನಗಿಂತ ದುರ್ಬಲವಾದುದನ್ನು ಹುಡುಕಿಕೊಂಡು ಹೊರಡುತ್ತದೆ. ಹಾಗೆ ಹೊರಟಾಗಲೇ ಹಾವು, ಹಕ್ಕಿಗಳಿಂದ ತನ್ನ ಜೀವ ಕಾಯ್ದುಕೊಳ್ಳಬೇಕಾಗುತ್ತದೆ. ಬನೂ ಸುಲೈಮ್ ಕುಲದವರ ಕರಿಕಲ್ಲಿನ ನೆಲದಲ್ಲಿ ಮನುಷ್ಯರಿಂದ ಹಿಡಿದು ಕೀಟಗಳವರೆಗೆ ಎಲ್ಲವೂ ಕಪ್ಪು ಎಂದು ಅವನು ಬರೆಯುತ್ತಾನೆ. ಒಂದು ಜೀವಕ್ಕೂ ಇನ್ನೊಂದಕ್ಕೂ, ಜೀವಕ್ಕೂ ನೆಲಕ್ಕೂ ಇರುವ ನಂಟು ಅವನಿಗೆ ಕಂಡಿತ್ತು. ಆದರೆ ಆ ನಂಟಿನಲ್ಲಿ ಅವನು ಕಂಡದ್ದು ಸೃಷ್ಟಿಕರ್ತನ ಜಾಣ್ಮೆಯನ್ನು. ಒಂದು ಜಾತಿಯಿಂದ ಇನ್ನೊಂದು ಹೇಗೆ ಮೂಡುತ್ತದೆ ಎಂಬ ಡಾರ್ವಿನ್ನನ ಪ್ರಶ್ನೆ ಅವನದಲ್ಲ.

ನನಗೆ ಮುಖ್ಯವೆನಿಸುವುದು ಅವನ ಅನುಮಾನ. ಅನುಮಾನಿಸುವುದನ್ನೂ ಕಲಿಯಬೇಕು, ಆಗಲೇ ನಿಶ್ಚಯ ಯಾವುದೆಂದು ತಿಳಿಯುತ್ತದೆ ಎಂಬುದು ಅವನ ನಿಲುವು. ಅರಬ್ಬಿಗೆ ಆಗಲೇ ಬಂದಿದ್ದ ಅರಿಸ್ಟಾಟಲ್‌ನನ್ನು ಗೌರವದಿಂದ ಉದ್ಧರಿಸುತ್ತಾನೆ, ಒಪ್ಪದಿದ್ದ ಕಡೆ ಜಗಳಕ್ಕೂ ನಿಲ್ಲುತ್ತಾನೆ. ಗುರು ನಜ್ಜಾಮ್, ಶ್ರೀಮಂತನೊಬ್ಬನ ಪ್ರಾಣಿಗಳಿಗೆ ಮದ್ಯ ಕುಡಿಸಿದಾಗ ಅವು ಹೇಗಾಡುತ್ತವೆ ಎಂದು ಗಮನಿಸಿ, ಅಮಲೇರಿದಾಗ ಜಿಂಕೆಯೇ ಎಲ್ಲಕ್ಕಿಂತ ಚೆಂದ ಎಂದದ್ದನ್ನೂ ದಾಖಲಿಸಿದ್ದಾನೆ. ಮೀನಿನ ವಿಷಯದಲ್ಲಿ ಮಾತ್ರ ನಾವಿಕರ ಮಾತನ್ನು ಅವನು ನೆಚ್ಚಲಿಲ್ಲ. ಅವರು ಬಾಯಿಗೆ ಬಂದದ್ದು ಹೇಳುವವರು ಎಂಬ ತಾತ್ಸಾರ ಅವನಿಗೆ.

ಇತಿಹಾಸದ ತಮಾಷೆ ಇರುವುದು ಇಲ್ಲಿಯೇ. ಜಾಹಿಜ್ ತೀರಿಕೊಂಡು (868-69) ಅರ್ಧ ಶತಮಾನದ ಮೇಲೆ ಮಸೂದಿ ಎಂಬ ಬಾಗ್ದಾದಿನ ಪ್ರವಾಸಿ ನಮ್ಮ ಕರಾವಳಿಗೆ ಬಂದ. ಹಿಜರಿ 304ರಲ್ಲಿ, ಎಂದರೆ 916-17ರ ಸುಮಾರಿಗೆ, ಅವನಿದ್ದದ್ದು ಸೈಮೂರಿನಲ್ಲಿ. ಅದೇ ಮುಂಬಯಿಯ ದಕ್ಷಿಣಕ್ಕೆ, ಅಲಿಬಾಗಿನ ಹತ್ತಿರವಿರುವ ಚೌಲ್. ಆಗ ಅದು ಅರಬ್ಬರು ‘ಬಲ್ಹರಾ’ ಎಂದು ಕರೆಯುತ್ತಿದ್ದ ವಲ್ಲಭರಾಜರ, ಎಂದರೆ ರಾಷ್ಟ್ರಕೂಟರ ಆಳ್ವಿಕೆಯಲ್ಲಿತ್ತು. ಅವರ ರಾಜಧಾನಿ ಮಾನ್ಕೀರ್ ಎಂದು ಮಸೂದಿ ಬರೆದದ್ದು ನಮ್ಮ ಮಾನ್ಯಖೇಟವನ್ನೇ, ಇಂದಿನ ಮಳಖೇಡವನ್ನೇ.

ಖಡ್ಗಮೃಗದ ಮರಿ ಏಳು ವರ್ಷ ತಾಯಿಯ ಹೊಟ್ಟೆಯಲ್ಲಿರುತ್ತದೆ, ಆಗಾಗ ತಲೆ ಹೊರಹಾಕಿ ಮೇಯ್ದು ಮತ್ತೆ ಒಳಸೇರುತ್ತದೆ ಎಂಬ ಕಥೆಯನ್ನು ಜಾಹಿಜ್‌ನ ಹೆಸರಿನಲ್ಲಿ ಉಲ್ಲೇಖಿಸುವ ಮಸೂದಿ, ಅದನ್ನು ಅಷ್ಟಕ್ಕೇ ಬಿಡಲಿಲ್ಲ. ಸಿರಾಫ್ ಮತ್ತು ಓಮಾನ್‌ನಿಂದ ಇತ್ತ ಬಂದುಹೋಗುವವರನ್ನು, ಭಾರತದಲ್ಲಿ ಸಿಕ್ಕ ವರ್ತಕರನ್ನು ಕೇಳಿದ. ಎಲ್ಲರೂ ಬೆರಗಾದರು. ಹಸು, ಎಮ್ಮೆ ಈದ ಹಾಗೆಯೇ ಅದೂ ಈಯುತ್ತದೆ ಎಂದರು. ಜಾಹಿಜ್‌ಗೆ ಈ ಕಥೆ ಎಲ್ಲಿಂದ ಸಿಕ್ಕಿತೋ ಎಂದು ಮಸೂದಿ ಅಚ್ಚರಿಪಟ್ಟ.

ದೊಡ್ಡ ವಿದ್ವಾಂಸನ ಮಾತನ್ನು ಬಂದರಿನ ಜನ ತಿದ್ದಿದರು. ಅದನ್ನು ಇನ್ನೊಬ್ಬ ವಿದ್ವಾಂಸ ಸಂಕೋಚವಿಲ್ಲದೆ ಬರೆದಿಟ್ಟ. ಅರಬ್ ಪ್ರಾಣಿವಿದ್ಯೆಯ ಹೆಗ್ಗಳಿಕೆ ಯಾರು ಮೊದಲು ಹೇಳಿದರು ಎಂಬುದರಲ್ಲಿಲ್ಲ, ಹೇಳಿದ್ದನ್ನು ಮತ್ತೆ ವಿಚಾರಿಸುವ ಈ ರೂಢಿಯಲ್ಲಿದೆ ಎಂದು ನನ್ನ ನಂಬಿಕೆ. ಮುಂಬಯಿಯಲ್ಲಿರುವ ಕನ್ನಡಿಗರು ಚೌಲ್‌ಗೆ ಹೋದಾಗ ಕೋಟೆ, ಕಡಲಿನ ಜೊತೆಗೆ ಈ ವಿಚಾರಣೆಯನ್ನೂ ನೆನೆಯಬಹುದು.