ಬಾಳೆಹಣ್ಣು ತಿನ್ನಬಾರದ ರಾಣಿ

ಹವಾಯಿ ದ್ವೀಪಗಳಲ್ಲಿ ಮಾವಿ ಎಂಬುದೊಂದು. ಅದರ ಪೂರ್ವದ ತುದಿಯ ಹಳ್ಳಿಗಾಡೇ ಹಾನಾ. ಕಹುಲುಯಿ ಪಟ್ಟಣದಿಂದ ಬರೀ 52 ಮೈಲಿ. ಆದರೆ ಆ ದಾರಿಯಲ್ಲಿ 600ಕ್ಕೂ ಹೆಚ್ಚು ತಿರುವುಗಳು, 50ಕ್ಕೂ ಹೆಚ್ಚು ಸೇತುವೆಗಳು. ಮಗಳು ಕಾರು ಓಡಿಸುತ್ತಿದ್ದಳು. ನಾನು ತಿರುವು ಎಣಿಸುವುದನ್ನು ಬಿಟ್ಟು ಜಲಪಾತ ನೋಡತೊಡಗಿದೆ. ದಾರಿ ಬದಿಯ ಗೂಡಂಗಡಿಗಳಲ್ಲಿ ಬಾಳೆಹಣ್ಣು ಹಾಕಿ ಮಾಡಿದ ಬ್ರೆಡ್ಡು ಮಾರುತ್ತಾರೆ. ಇಬ್ಬರೂ ಕೊಂಡು ತಿಂದೆವು. 1819ಕ್ಕೆ ಮುಂಚೆ ಈ ನೆಲದ ಹೆಣ್ಣುಮಗಳು ಬಾಳೆಹಣ್ಣು ತಿಂದರೆ ಪ್ರಾಣಕ್ಕೇ ಸಂಚಕಾರವಿತ್ತು.

ಹವಾಯಿಯ ಹಳೆಯ ಕಟ್ಟಳೆಗಳಿಗೆ ‘ಕಪು’ ಎಂದು ಹೆಸರು. ಮಡಿ-ಮೈಲಿಗೆ ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಗಂಡಸರೂ ಹೆಂಗಸರೂ ಒಟ್ಟಿಗೆ ಕೂತು ಉಣ್ಣುವಂತಿರಲಿಲ್ಲ. ಉಣ್ಣುವ ಮನೆಗಳೇ ಬೇರೆ. ಹಂದಿಮಾಂಸ, ತೆಂಗಿನಕಾಯಿ, ಹೆಚ್ಚಿನ ಜಾತಿಯ ಬಾಳೆ, ಕೆಲವು ಮೀನು ಹೆಂಗಸರಿಗೆ ನಿಷಿದ್ಧ. ಅಡಿಗೆ ಮಾಡುತ್ತಿದ್ದವರು ಮಾತ್ರ ಗಂಡಸರು! ನೆಲ ತೋಡಿ ಮಾಡಿದ ಒಲೆಗಳು ಎರಡು, ಹೆಂಗಸರ ಪಾಲಿನದು ಬೇರೆ. ಒಲೆಯ ಹೊಗೆ ತಪ್ಪಿತಲ್ಲ ಎಂದು ನೀವು ಅನ್ನಬಹುದು. ಆದರೆ ತಿನ್ನುವುದೇನೆಂದು ಬೇರೆಯವರು ಹೇಳಿದ ಮೇಲೆ ಆ ಬಿಡುವಿಗೆ ಏನು ಬೆಲೆ?

ಹಾನಾದ ಹತ್ತಿರ ವೈಆನಪನಪ ಎಂಬಲ್ಲಿ ಕಪ್ಪು ಮರಳಿನ ಸಮುದ್ರತೀರವಿದೆ. ಹೊರಗಿನವರು ಮುಂಚೆಯೇ ಹಣ ಕಟ್ಟಿ ಸಮಯ ಗೊತ್ತುಮಾಡಿಕೊಳ್ಳಬೇಕು. ಅಲ್ಲಿಯ ಗುಹೆಯೊಂದರಲ್ಲಿ ತಿಳಿನೀರಿನ ಕೊಳ. ಗಂಡನ ಕ್ರೌರ್ಯ ತಾಳಲಾರದೆ ಪೊಪೊಆಲಿಯ ಎಂಬ ರಾಜಕುಮಾರಿ ಅದರೊಳಗೆ ಅಡಗಿದಳಂತೆ. ದಾಸಿ ಹಿಡಿದಿದ್ದ ಗರಿಯ ಕುಚ್ಚು ನೀರಿನಲ್ಲಿ ಪ್ರತಿಬಿಂಬಿಸಿ ಗಂಡನ ಕೈಗೆ ಸಿಕ್ಕಿ ಸತ್ತಳಂತೆ. ನೀರು ಆಗಾಗ ಕೆಂಪಾಗುವುದು ಅವಳ ರಕ್ತದಿಂದ ಎನ್ನುತ್ತದೆ ಕಥೆ. ಸಣ್ಣ ಕೆಂಪು ಸಿಗಡಿಗಳಿಂದ ಎನ್ನುತ್ತದೆ ವಿಜ್ಞಾನ. ವಿಜ್ಞಾನ ಸರಿ, ಆದರೂ ಆ ಕಥೆ ಕಟ್ಟಿದವರು ಯಾರ ಪರ ಎಂಬುದು ನನಗೆ ಮುಖ್ಯವೆನಿಸಿತು.

ಹಾನಾ ಕೊಲ್ಲಿಯ ಪಕ್ಕದಲ್ಲಿ ಜ್ವಾಲಾಮುಖಿಯ ಕೆಂಪು ಕಿಟ್ಟ ರಾಶಿಬಿದ್ದು ಆದ ಕಾಉಇಕಿ ಗುಡ್ಡ. ಹಿಂದೆ ಕೋಟೆಯಾಗಿತ್ತು. ಅದರ ಬುಡದ ಗುಹೆಯೊಂದರಲ್ಲಿ, ಸುಮಾರು 1768ರಲ್ಲಿ, ಕಾಹುಮಾನು ಹುಟ್ಟಿದಳೆಂದು ಪ್ರತೀತಿ. ದ್ವೀಪಗಳನ್ನೆಲ್ಲ ಒಂದುಗೂಡಿಸಿದ ಕಮೆಹಮೆಹನ ಅನೇಕ ಹೆಂಡಿರಲ್ಲಿ ಅವನಿಗೆ ಅಚ್ಚುಮೆಚ್ಚಿನವಳು ಇವಳೇ. ಅಂಥವಳೂ ಬಾಳೆಹಣ್ಣು ಮುಟ್ಟುವಂತಿರಲಿಲ್ಲ!

1819ರ ಮೇ ತಿಂಗಳಲ್ಲಿ ರಾಜ ತೀರಿಕೊಂಡ. ಮಗ ಲಿಹೊಲಿಹೊ ಪಟ್ಟಕ್ಕೆ ಬಂದ, ಕಾಹುಮಾನು ಅವನೊಡನೆ ಆಡಳಿತದ ಪಾಲುಗಾರಳಾದಳು. ಅವಳೂ, ಅವನ ಹೆತ್ತತಾಯಿ ಕಿಯೋಪುವೊಲಾನಿಯೂ ಕಪು ಬಿಡುವಂತೆ ಹುಡುಗನ ಬೆನ್ನುಹತ್ತಿದರು. ತಾಯಿ ಮೊದಲು ಕಿರಿಮಗನನ್ನು ಜೊತೆಗೆ ಕೂರಿಸಿಕೊಂಡು ಉಂಡಳು. ನವೆಂಬರಿನಲ್ಲಿ ಪಕ್ಕದ ಹವಾಯಿ ದ್ವೀಪದ ಕೈಲುವಾದಲ್ಲಿ ಔತಣ. ಲಿಹೊಲಿಹೊ ಎದ್ದು ಹೆಂಗಸರ ಪಂಕ್ತಿಗೆ ಹೋಗಿ ಕುಳಿತು ಉಂಡ. ಅಷ್ಟೇ. ಆಕಾಶ ಬೀಳಲಿಲ್ಲ. ದೇವಾಲಯಗಳನ್ನು ಕೆಡವಲು ಆಜ್ಞೆಯಾಯಿತು. ಕ್ರೈಸ್ತ ಮಿಷನರಿಗಳು ಬಂದದ್ದು ಮರುವರ್ಷ. ಇದು ಹೊರಗಿನವರು ಹೇಳಿಕೊಟ್ಟದ್ದಲ್ಲ.

ಹಳೆಯ ಧರ್ಮಕ್ಕಾಗಿ ರಾಜನ ಸೋದರಸಂಬಂಧಿ ಕೆಕುಆಓಕಲಾನಿ ದಂಗೆಯೆದ್ದ. ಡಿಸೆಂಬರಿನ ಕುಆಮೋಓ ಕದನದಲ್ಲಿ ಅವನು ಬಿದ್ದ. ಪಕ್ಕದಲ್ಲೇ ಕಾದಾಡುತ್ತಿದ್ದ ಹೆಂಡತಿ ಮನೊನೊ ಕೂಡ ಸತ್ತಳು. ಹೆಂಗಸರನ್ನು ಕಟ್ಟಿಹಾಕಿದ್ದ ಕಟ್ಟಳೆಯ ಪರವಾಗಿ ಒಬ್ಬ ಹೆಂಗಸು ಪ್ರಾಣ ಕೊಟ್ಟಳು. ಇದನ್ನು ಓದಿದಂದಿನಿಂದ ಕಾಹುಮಾನುವಿಗಿಂತ ಮನೊನೊಳೇ ನನ್ನನ್ನು ಹೆಚ್ಚು ಕಾಡುತ್ತಾಳೆ.

ಕಾಹುಮಾನು ಮುಂದೆ ಓದುಬರಹ ಕಲಿತಳು, 1825ರಲ್ಲಿ ಕ್ರೈಸ್ತಳಾದಳು. 1830ರಲ್ಲಿ ಸಾರ್ವಜನಿಕ ಹುಲಾ ನೃತ್ಯವನ್ನು ನಿಷೇಧಿಸಿದವಳೂ ಅವಳೇ.