ಹಿರ್ಷ್‌ಸ್ಪ್ರಂಗ್ ರೋಗ: ಬಯಾಪ್ಸಿ ನಿರ್ಣಯ

ಸುಮಾರು 5,000 ಶಿಶುಗಳಲ್ಲಿ ಒಂದಕ್ಕೆ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಗ್ಯಾಂಗ್ಲಿಯಾನ್ ನರಕೋಶಗಳೇ ಇರುವುದಿಲ್ಲ. ಆ ಭಾಗ ಸಡಿಲಗೊಳ್ಳದೆ ಮಲ ತಡೆದು, ಮೇಲಿನ ಕರುಳು ಊದಿಕೊಳ್ಳುತ್ತದೆ. ಕೋಪನ್‌ಹೇಗನ್ನಿನ ಮಕ್ಕಳ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರಂಗ್ 1886ರಲ್ಲಿ ಬರ್ಲಿನ್ನಿನಲ್ಲಿ ಇಂಥ ಎರಡು ಶಿಶುಗಳ ವಿವರ ಮಂಡಿಸಿದರು. ಆಗ ಎಲ್ಲರ ಕಣ್ಣು ಊದಿದ ಕರುಳಿನ ಮೇಲೆ. ದೋಷವಿದ್ದದ್ದು ಅದರ ಕೆಳಗೆ, ನೋಡಲು ಸರಿಯಾಗಿಯೇ ಕಾಣುವ ಭಾಗದಲ್ಲಿ!

ಹುಟ್ಟಿದ 48 ಗಂಟೆಯಾದರೂ ಮೊದಲ ಕಪ್ಪು ಮಲ ಹೋಗದಿರುವುದು, ಹೊಟ್ಟೆಯುಬ್ಬರ, ಹಸಿರು ವಾಂತಿ ಇದರ ಸುಳಿವುಗಳು. ಎಕ್ಸ್‌ರೇ ಅನುಮಾನವನ್ನು ಬಲಪಡಿಸೀತು, ತೀರ್ಪು ಮಾತ್ರ ಬಯಾಪ್ಸಿಯದು.

ಗುದನಾಳದಲ್ಲಿ, ನೋವಿನ ಅರಿವಿಲ್ಲದ ಎತ್ತರದಿಂದ, ಹೀರುವ ಉಪಕರಣ ಬಳಸಿ ಸಣ್ಣ ಚೂರು ತೆಗೆಯುತ್ತಾರೆ. ಹಸುಗೂಸಿಗೆ ಸಾಮಾನ್ಯವಾಗಿ ಅರಿವಳಿಕೆ ಬೇಡ. ಲೋಳೆಪೊರೆಯ ಕೆಳಪದರವೂ ಚೂರಿನಲ್ಲಿ ಬಂದಿರಬೇಕು. ಇಲ್ಲವಾದರೆ ‘ಕೋಶ ಕಾಣಲಿಲ್ಲ’ ಎಂಬ ವರದಿಗೆ ಬೆಲೆಯಿಲ್ಲ.

ಚಳ್ಳಕೆರೆ, ಮೊಳಕಾಲ್ಮೂರಿನಂಥ ತಾಲ್ಲೂಕುಗಳ ಮಕ್ಕಳು ಇದಕ್ಕಾಗಿ ದೊಡ್ಡ ಊರಿನ ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗಕ್ಕೇ ಹೋಗಬೇಕು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಅಂಥದೊಂದು. ಚೂರಿನ ಪಯಣ ಅಷ್ಟು ಕಷ್ಟವಲ್ಲ. ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವದ ಪರೀಕ್ಷೆಗೆ ಹಸಿ ಚೂರನ್ನೇ ಹೆಪ್ಪುಗಟ್ಟಿಸಬೇಕು, ನಿಜ. ಕ್ಯಾಲ್‌ರೆಟಿನಿನ್ ಎಂಬ ಪ್ರೋಟೀನಿನ ಪರೀಕ್ಷೆಗೆ ಫಾರ್ಮಲಿನ್‌ನಲ್ಲಿಟ್ಟು ಕಳಿಸಿದರೂ ಆದೀತು. ಅದರಲ್ಲಿ ಬಣ್ಣ ಹಿಡಿದ ನರತಂತುಗಳು ಕಂಡರೆ ಬಹುಮಟ್ಟಿಗೆ ಈ ರೋಗವಲ್ಲ.