ಊಟದ ಹೊತ್ತಿನ ಇನ್ಸುಲಿನ್: ಸೂಜಿಯೋ, ಉಸಿರೋ, ಗಡಿಯಾರವೋ?

ಅಡಿಗೆಮನೆಯಿಂದ ಒಗ್ಗರಣೆಯ ವಾಸನೆ ಬಂದರೆ ಬಾಯಲ್ಲಿ ನೀರೂರುವುದು ಎಲ್ಲರ ಅನುಭವ. ಅದೇ ಹೊತ್ತಿಗೆ ಜಠರದ ಹಿಂಭಾಗದಲ್ಲಿ ಅಡಗಿರುವ ಮೇದೋಜೀರಕ ಗ್ರಂಥಿಯೂ ಸದ್ದಿಲ್ಲದೆ ಕೆಲಸಕ್ಕೆ ಅಣಿಯಾಗುತ್ತದೆ ಎಂಬುದು ಹಲವರಿಗೆ ತಿಳಿದಿರಲಾರದು. ಮೊದಲ ತುತ್ತು ಒಳಗೆ ಹೋಗುವಷ್ಟರಲ್ಲಿ ಅದು ಸ್ವಲ್ಪ ಇನ್ಸುಲಿನ್ನನ್ನು ರಕ್ತಕ್ಕೆ ಬಿಡತೊಡಗಿರುತ್ತದೆ. ಉಂಡ ಅನ್ನ ಸಕ್ಕರೆಯಾಗಿ ರಕ್ತ ಸೇರುತ್ತಿದ್ದಂತೆ ಇನ್ನಷ್ಟು ಬಿಡುತ್ತದೆ. ಸಕ್ಕರೆ ಇಳಿದಂತೆ ಕೈ ಹಿಡಿಯುತ್ತದೆ. ಹೀಗೆ ಬಂದ ಇನ್ಸುಲಿನ್ ರಕ್ತದಲ್ಲಿ ಉಳಿಯುವುದೂ ಕೆಲವೇ ನಿಮಿಷ. ಆರೋಗ್ಯವಂತರು ಇದಾವುದರ ಪರಿವೆಯೂ ಇಲ್ಲದೆ ಮೂರು ಹೊತ್ತು ಉಂಡೇಳುತ್ತಾರೆ.

ಈ ಏರ್ಪಾಡು ಕೆಟ್ಟವರ ಪಾಡೇ ಬೇರೆ. ಅವರು ಗ್ರಂಥಿಯ ಕೆಲಸವನ್ನು ತಾವೇ ವಹಿಸಿಕೊಂಡು, ತಟ್ಟೆಯಲ್ಲಿರುವುದನ್ನು ಅಂದಾಜು ಮಾಡಿ, ಗಡಿಯಾರ ನೋಡಿ, ಇನ್ಸುಲಿನ್ ತೆಗೆದುಕೊಳ್ಳಬೇಕು. ಹೆಚ್ಚಾದರೆ ಸಕ್ಕರೆ ಕುಸಿದು ತಲೆಸುತ್ತು, ಬೆವರು, ಪ್ರಜ್ಞೆ ತಪ್ಪುವ ಅಪಾಯ. ಕಡಿಮೆಯಾದರೆ ವರ್ಷಗಳ ಕೊನೆಗೆ ಕಣ್ಣು, ಮೂತ್ರಪಿಂಡ, ನರಗಳಿಗೆ ಹಾನಿ. ಈ ಲೆಕ್ಕವನ್ನು ಹಗುರಗೊಳಿಸುವ ಪ್ರಯತ್ನ ನೂರು ವರ್ಷಗಳಿಂದ ನಡೆದಿದೆ. ಅದರ ಅತ್ಯಂತ ಬೆಡಗಿನ ಅಧ್ಯಾಯ, ಸೂಜಿಯನ್ನೇ ಬಿಟ್ಟು ಇನ್ಸುಲಿನ್ನನ್ನು ಉಸಿರಿನೊಂದಿಗೆ ಒಳಗೆಳೆದುಕೊಳ್ಳುವುದು. ಅದಕ್ಕಿಂತ ಹೆಚ್ಚು ಜನರ ಕೈಗೆ ಬಂದದ್ದು ಮಾತ್ರ ಬೇರೆಯೇ ಮಾರ್ಗಗಳು. ಹೀಗೇಕಾಯಿತು ಎಂಬುದು ವೈದ್ಯಕೀಯ ಇತಿಹಾಸದ ಒಂದು ಬೋಧಪ್ರದ ಪ್ರಸಂಗ.

ಸಾಣೆಕಲ್ಲಿನ ಕಾಲ

1922ರ ಜನವರಿ 11ರಂದು ಕೆನಡಾದ ಟೊರಾಂಟೊ ನಗರದ ಆಸ್ಪತ್ರೆಯಲ್ಲಿ, ಸಾವಿನ ಅಂಚಿನಲ್ಲಿದ್ದ 14 ವರ್ಷದ ಲಿಯೊನಾರ್ಡ್ ಥಾಮ್ಸನ್ ಎಂಬ ಹುಡುಗನಿಗೆ ಮೇದೋಜೀರಕ ಗ್ರಂಥಿಯ ಸಾರವನ್ನು ಚುಚ್ಚಲಾಯಿತು. ಮೊದಲ ಮದ್ದು ಶುದ್ಧವಾಗಿರಲಿಲ್ಲ. ಹೆಚ್ಚು ಫಲ ಕೊಡಲಿಲ್ಲ. ಜೇಮ್ಸ್ ಕಾಲಿಪ್ ಶುದ್ಧಿಮಾಡಿದ ಸಾರವನ್ನು ಜನವರಿ 23ರಂದು ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಫ್ರೆಡರಿಕ್ ಬ್ಯಾಂಟಿಂಗ್, ಚಾರ್ಲ್ಸ್ ಬೆಸ್ಟ್ ಮತ್ತು ಜೆ.ಜೆ.ಆರ್. ಮೆಕ್ಲಿಯಡ್ ಅವರ ಹೆಸರುಗಳು ಜಗತ್ತಿಗೆ ಪರಿಚಯವಾದದ್ದು ಹೀಗೆ. ಮರುವರ್ಷ ಈ ಶೋಧದ ಪೇಟೆಂಟನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟದ್ದು ಸ್ಮರಣೀಯ ಸಂಗತಿ.

ಇನ್ಸುಲಿನ್ ಒಂದು ಪ್ರೋಟೀನು. ನುಂಗಿದರೆ ಬೇಳೆಯಂತೆಯೇ ಜೀರ್ಣವಾಗಿಬಿಡುತ್ತದೆ. ಆದ್ದರಿಂದ ಚುಚ್ಚುವುದೊಂದೇ ದಾರಿ. ಆಗಿನ ಗಾಜಿನ ಸಿರಿಂಜನ್ನು ಪ್ರತಿಸಲವೂ ನೀರಿನಲ್ಲಿ ಕುದಿಸಬೇಕಿತ್ತು. ಮೊಂಡಾದ ದಪ್ಪ ಸೂಜಿಯನ್ನು ಸಾಣೆಕಲ್ಲಿನ ಮೇಲೆ ಉಜ್ಜಿ ಹರಿತಮಾಡಬೇಕಿತ್ತು. ಹೀಗಿರುವಾಗ ಪ್ರತಿ ಊಟಕ್ಕೂ ಮುನ್ನ ಚುಚ್ಚಿಸಿಕೊಳ್ಳಲು ಯಾರಿಗೆ ತಾನೆ ಇಷ್ಟವಾದೀತು?

1936ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಹಾಗೆಡಾರ್ನ್ ಇನ್ಸುಲಿನ್ ಜೊತೆಗೆ ಪ್ರೋಟಮಿನ್ ಬೆರೆಸಿ ಅದು ನಿಧಾನವಾಗಿ ಕೆಲಸಮಾಡುವಂತೆ ಮಾಡಿದರು. ದಿನಕ್ಕೆ ಒಂದೆರಡು ಚುಚ್ಚುಮದ್ದು ಸಾಕಾಯಿತು. ರೋಗಿಗಳೂ ವೈದ್ಯರೂ ನೆಮ್ಮದಿಯ ಉಸಿರುಬಿಟ್ಟರು. ಆದರೆ ಈ ಅನುಕೂಲಕ್ಕೆ ಬೆಲೆಯೂ ಇತ್ತು. ನಿಧಾನದ ಇನ್ಸುಲಿನ್ ಊಟದ ಸಕ್ಕರೆಯ ಏರಿಕೆಯನ್ನು ಹಿಡಿಯಲಾರದು. ಮನುಷ್ಯನ ಊಟಕ್ಕೆ ತಕ್ಕಂತೆ ಮದ್ದು ನಡೆಯುವ ಬದಲು, ಮದ್ದಿಗೆ ತಕ್ಕಂತೆ ಮನುಷ್ಯ ಉಣ್ಣಬೇಕಾಯಿತು.

ಈ ಪದ್ಧತಿಯ ನಷ್ಟ ಎಷ್ಟೆಂಬುದು ಅಂಕಿಗಳಲ್ಲಿ ತಿಳಿದದ್ದು 1993ರಲ್ಲಿ. ಅಮೆರಿಕ ಮತ್ತು ಕೆನಡಾದ 29 ಕೇಂದ್ರಗಳಲ್ಲಿ, ಒಂದನೆಯ ಬಗೆಯ ಮಧುಮೇಹವುಳ್ಳ 1441 ಮಂದಿಯ ಮೇಲೆ ನಡೆದ ದೀರ್ಘ ಅಧ್ಯಯನದ ಫಲಿತಾಂಶ ಆ ವರ್ಷ ಹೊರಬಂತು. ದಿನಕ್ಕೆ ಮೂರು ಅಥವಾ ಹೆಚ್ಚು ಬಾರಿ ಇನ್ಸುಲಿನ್ ತೆಗೆದುಕೊಂಡು ಅಥವಾ ಪಂಪ್ ಬಳಸಿ ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟವರಲ್ಲಿ, ಮೊದಲು ಕಣ್ಣಿನ ದೋಷವಿಲ್ಲದವರಿಗೆ ಅದು ತಗಲುವ ಸಂಭವ ಶೇ. 76ರಷ್ಟು ತಗ್ಗಿತ್ತು. ಜೊತೆಗೆ, ಸಕ್ಕರೆ ತೀವ್ರವಾಗಿ ಕುಸಿಯುವ ಪ್ರಸಂಗಗಳು ಸುಮಾರು ಮೂರು ಪಟ್ಟು ಹೆಚ್ಚಿದ್ದವು. ಊಟದ ಹೊತ್ತಿನ ಇನ್ಸುಲಿನ್ ಮತ್ತೆ ಅನಿವಾರ್ಯವಾಯಿತು. ಅದನ್ನು ಸುಲಭವಾಗಿ, ಅಪಾಯವಿಲ್ಲದೆ ಕೊಡುವುದು ಹೇಗೆ ಎಂಬುದೇ ಮುಂದಿನ ಪ್ರಶ್ನೆ.

ಉಸಿರಿನ ದಾರಿ

ಶ್ವಾಸಕೋಶದೊಳಗಿನ ಸೂಕ್ಷ್ಮ ಗಾಳಿಗೂಡುಗಳನ್ನೆಲ್ಲ ಬಿಡಿಸಿ ಹಾಸಿದರೆ ಎಪ್ಪತ್ತು ಚದರ ಮೀಟರಿಗೂ ಮೀರುತ್ತದೆ ಎನ್ನುತ್ತಾರೆ. ಅವುಗಳ ಗೋಡೆ ಬಲು ತೆಳು. ಅದರ ಆಚೆಗೇ ರಕ್ತ. ಇಷ್ಟು ವಿಶಾಲವಾದ ಬಾಗಿಲಿರುವಾಗ ಚರ್ಮಕ್ಕೇಕೆ ತೂತು ಎಂಬ ಯೋಚನೆ ಹೊಸದೇನಲ್ಲ. 1920ರ ದಶಕದಲ್ಲೇ ಜರ್ಮನಿಯ ವೈದ್ಯರು ಇನ್ಸುಲಿನ್ ಉಸಿರಾಡಿಸಿ ನೋಡಿದ್ದರು. ಆದರೆ ಶ್ವಾಸಕೋಶದ ಆಳವನ್ನು ಮುಟ್ಟುವಷ್ಟು ನಯವಾದ, ಸಮನಾದ ಪುಡಿ ಮಾಡುವ ವಿದ್ಯೆ ಆಗ ಇರಲಿಲ್ಲ.

ಅದು ಕೈಗೂಡಿದಾಗ ಶತಮಾನ ಬದಲಾಗಿತ್ತು. 2006ರ ಜನವರಿಯಲ್ಲಿ ಫೈಜರ್ ಕಂಪನಿಯ 'ಎಕ್ಸುಬೆರಾ'ಗೆ ಅಮೆರಿಕ ಮತ್ತು ಯೂರೋಪಿನಲ್ಲಿ ಒಪ್ಪಿಗೆ ಸಿಕ್ಕಿತು. ಸೂಜಿಯ ಯುಗ ಮುಗಿಯಿತೆಂದೇ ಹಲವರು ಭಾವಿಸಿದರು. ಎರಡು ವರ್ಷವೂ ತುಂಬುವ ಮೊದಲೇ, 2007ರ ಅಕ್ಟೋಬರಿನಲ್ಲಿ, ಕಂಪನಿ ಅದನ್ನು ಕೈಬಿಡುವುದಾಗಿ ಸಾರಿತು. ಅದರ ಲೆಕ್ಕಪುಸ್ತಕದಲ್ಲಿ ಬಿದ್ದ ಹೊರೆ 280 ಕೋಟಿ ಡಾಲರು! ಇಂಥದೇ ಯತ್ನದಲ್ಲಿದ್ದ ನೋವೊ ನಾರ್ಡಿಸ್ಕ್ ಮತ್ತು ಲಿಲಿ ಕಂಪನಿಗಳೂ 2008ರಲ್ಲಿ ಹಿಂದೆ ಸರಿದವು.

ಕಾರಣಗಳು ಹಲವು. ಉಪಕರಣ ಬಿಚ್ಚಿದರೆ ಟೆನಿಸ್ ಚೆಂಡುಗಳ ಡಬ್ಬಿಯಷ್ಟು ದೊಡ್ಡದು. ಹೋಟೆಲಿನಲ್ಲಿ ಕುಳಿತು ನಾಲ್ವರ ಎದುರು ಬಳಸಲು ಸಂಕೋಚ. ಬಳಸುವ ಮೊದಲು ಶ್ವಾಸಕೋಶದ ಪರೀಕ್ಷೆ ಆಗಬೇಕು. ಬೀಡಿ, ಸಿಗರೇಟು ಸೇದುವವರಿಗೆ ಸಲ್ಲದು. ಒಳಗೆಳೆದ ಪುಡಿಯಲ್ಲಿ ರಕ್ತಕ್ಕೆ ಸೇರುತ್ತಿದ್ದುದು ಸುಮಾರು ಹತ್ತರಲ್ಲೊಂದು ಪಾಲು, ಆದ್ದರಿಂದ ಬೆಲೆಯೂ ದುಬಾರಿ. ಅತ್ಯಂತ ಕಿರಿದಾದ ಪ್ರಮಾಣವೇ ಸುಮಾರು ಮೂರು ಯೂನಿಟ್ಟಿಗೆ ಸಮ. ಒಂದೊಂದು ಯೂನಿಟ್ ಹೆಚ್ಚುಕಡಿಮೆ ಮಾಡಿಕೊಳ್ಳಬೇಕಾದವರಿಗೆ ಇದು ಒರಟು ಅಳತೆ. ಎಲ್ಲಕ್ಕಿಂತ ಮಿಗಿಲಾಗಿ, ದಿನವಿಡೀ ಬೇಕಾದ ನಿಧಾನದ ಇನ್ಸುಲಿನ್ನಿಗೆ ಸೂಜಿ ಬೇಕೇಬೇಕು. ಬೆರಳು ಚುಚ್ಚಿ ರಕ್ತ ಪರೀಕ್ಷಿಸುವುದೂ ತಪ್ಪಲಿಲ್ಲ. ಅಂದಮೇಲೆ ಸೂಜಿಯಿಂದ ಬಿಡುಗಡೆ ಎಲ್ಲಿ ಬಂತು?

ಪಿಸುಮಾತಿನಲ್ಲಿ ಬಂದ ಬದಲಾವಣೆ

ಉಸಿರಿನ ದಾರಿಗೆ ಡಂಗುರ ಹೊಡೆಯುತ್ತಿದ್ದಾಗ, ಸದ್ದುಗದ್ದಲವಿಲ್ಲದೆ ಸೂಜಿಯೇ ಬದಲಾಗಿಬಿಟ್ಟಿತ್ತು. 1985ರಲ್ಲಿ ಡೆನ್ಮಾರ್ಕಿನಿಂದ ಬಂದ 'ನೋವೊಪೆನ್' ಜೇಬಿನಲ್ಲಿಡುವ ಪೆನ್ನಿನಂತೆಯೇ ಇತ್ತು. ಕುದಿಸುವ, ಸೀಸೆಯಿಂದ ಎಳೆಯುವ ರಗಳೆ ಇಲ್ಲ, ಗುಂಡಿ ಒತ್ತಿದರಾಯಿತು. ಇಂದಿನ ಪೆನ್ ಸೂಜಿಗಳು ನಾಲ್ಕು ಮಿಲಿಮೀಟರಿನಷ್ಟು ಚಿಕ್ಕವೂ ದೊರೆಯುತ್ತವೆ. ಬೆರಳು ಚುಚ್ಚುವುದಕ್ಕಿಂತ ಇದರ ನೋವೇ ಕಡಿಮೆ ಎನ್ನುವವರಿದ್ದಾರೆ.

ಎರಡನೆಯ ಬದಲಾವಣೆ ಮದ್ದಿನ ಅಣುವಿನಲ್ಲೇ ಆಯಿತು. ಸಾಧಾರಣ ಇನ್ಸುಲಿನ್ ಅಣುಗಳು ಸೀಸೆಯಲ್ಲಿ ಆರಾರರ ಗುಂಪಾಗಿ, ಸತುವಿನ ಸುತ್ತ ಕೈಕೈ ಹಿಡಿದು ನಿಂತಿರುತ್ತವೆ. ಚರ್ಮದಡಿ ಈ ಗುಂಪು ಚದುರಿ ಬಿಡಿಯಾದ ಮೇಲೆಯೇ ರಕ್ತ ಪ್ರವೇಶ. ಅದಕ್ಕೆ ಅರ್ಧಗಂಟೆ ಬೇಕು. ಉಣ್ಣುವ ಅರ್ಧಗಂಟೆ ಮೊದಲೇ ಚುಚ್ಚಿಸಿಕೊಂಡು ಕಾಯಬೇಕೆಂಬ ನಿಯಮ ಇದರಿಂದಲೇ ಬಂದದ್ದು. ಮದುವೆಮನೆಯಲ್ಲಿ ಪಂಕ್ತಿ ತಡವಾದರೆ ಅಪಾಯ. ಚುಚ್ಚಿಸಿಕೊಂಡ ತಕ್ಷಣ ಉಂಡರೆ ಸಕ್ಕರೆ ಮುಂದೆ, ಮದ್ದು ಹಿಂದೆ.

ಈ ಆರರ ಗುಂಪಿನ ರೂಪವನ್ನು 1969ರಲ್ಲಿ ಕ್ಷ-ಕಿರಣಗಳ ಮೂಲಕ ಕಂಡುಹಿಡಿದವರು ಆಕ್ಸ್‌ಫರ್ಡಿನ ಡೊರೊಥಿ ಹಾಜ್‌ಕಿನ್ ಮತ್ತು ಅವರ ಬಳಗ. ಆ ಬಳಗದಲ್ಲಿದ್ದ ಎಂ. ವಿಜಯನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಪ್ರೋಟೀನುಗಳ ರಚನೆಯ ಅಧ್ಯಯನವನ್ನು ಇಲ್ಲಿ ಬೆಳೆಸಿದರು ಎಂಬುದು ಕನ್ನಡನಾಡಿಗೆ ಹೆಮ್ಮೆಯ ಮಾತು. ಅಣುಗಳು ಎಲ್ಲಿ ಕೈ ಹಿಡಿದಿವೆ ಎಂದು ತಿಳಿದರೆ ಬಿಡಿಸುವುದೂ ಸಾಧ್ಯವಷ್ಟೆ? ಇನ್ಸುಲಿನ್ನಿನಲ್ಲಿರುವ 51 ಅಮೈನೊ ಆಮ್ಲಗಳಲ್ಲಿ, ಅಕ್ಕಪಕ್ಕದ ಎರಡನ್ನು ಅದಲುಬದಲು ಮಾಡಿ ರಚಿಸಿದ 'ಲಿಸ್ಪ್ರೊ' 1996ರಲ್ಲಿ ಮಾರುಕಟ್ಟೆಗೆ ಬಂತು. ಒಂದೇ ಒಂದನ್ನು ಬದಲಿಸಿದ 'ಆಸ್ಪಾರ್ಟ್' ಅದನ್ನು ಹಿಂಬಾಲಿಸಿತು. 2004ರಲ್ಲಿ 'ಗ್ಲುಲಿಸಿನ್' ಬಂತು. ಇವು ಹತ್ತು-ಹದಿನೈದು ನಿಮಿಷದಲ್ಲಿ ಕೆಲಸ ಆರಂಭಿಸುತ್ತವೆ. ಎಲೆಯ ಮುಂದೆ ಕುಳಿತಮೇಲೆ ಚುಚ್ಚಿಸಿಕೊಂಡರೂ ನಡೆಯುವ ಸ್ಥಿತಿ ಬಂತು.

ಮೂರನೆಯದು ಪಂಪ್. ಚರ್ಮದಡಿ ಸಣ್ಣ ನಳಿಕೆಯಿಟ್ಟು ದಿನವಿಡೀ ತೊಟ್ಟುತೊಟ್ಟಾಗಿ ಇನ್ಸುಲಿನ್ ಹರಿಸುವ ಕ್ರಮವನ್ನು 1970ರ ದಶಕದಲ್ಲಿ ಲಂಡನ್ನಿನ ವೈದ್ಯರು ರೂಢಿಸಿದರು. 2016ರಿಂದೀಚೆಗೆ ಸಕ್ಕರೆಯನ್ನು ಸದಾ ಅಳೆಯುವ ಸಾಧನದೊಡನೆ ಕೂಡಿ ತಾನೇ ಪ್ರಮಾಣ ಹೊಂದಿಸಿಕೊಳ್ಳುವ ಪಂಪುಗಳೂ ಬಂದಿವೆ. ತಮಾಷೆಯೆಂದರೆ, ಇಷ್ಟು ಜಾಣ ಯಂತ್ರಗಳಲ್ಲೂ ಹೆಚ್ಚಿನವಕ್ಕೆ 'ಈಗ ಊಟ' ಎಂದು ಮನುಷ್ಯನೇ ತಿಳಿಸಬೇಕು. ಒಗ್ಗರಣೆಯ ವಾಸನೆ ಯಂತ್ರಕ್ಕೆ ತಿಳಿಯದು.

ಮಾತ್ರೆಯ ಕನಸು

ಎರಡನೆಯ ಬಗೆಯ ಮಧುಮೇಹದಲ್ಲಿ ಗ್ರಂಥಿಗೆ ಇನ್ನೂ ಸ್ವಲ್ಪ ಶಕ್ತಿ ಉಳಿದಿರುವುದರಿಂದ ಊಟದ ಹೊತ್ತಿಗೆ ಮಾತ್ರೆಗಳ ನೆರವೂ ಉಂಟು. ಮೊದಲ ತುತ್ತಿನೊಡನೆ ನುಂಗುವ ಅಕಾರ್ಬೋಸ್, ಅನ್ನದ ಪಿಷ್ಟ ಸಕ್ಕರೆಯಾಗುವುದನ್ನು ಕರುಳಿನಲ್ಲೇ ತಡಮಾಡುತ್ತದೆ; ಹೊಟ್ಟೆಯುಬ್ಬರ ಅದರ ತೊಂದರೆ. ರೆಪಾಗ್ಲಿನೈಡ್ ಸ್ವಲ್ಪ ಹೊತ್ತು ಮಾತ್ರ ಗ್ರಂಥಿಯನ್ನು ಎಚ್ಚರಿಸುತ್ತದೆ. ಒಂದನೆಯ ಬಗೆಯವರಿಗೆ ಇನ್ಸುಲಿನ್ನಿಗೆ ಬದಲಾಗಿ ಇವು ಯಾವುದೂ ಸಲ್ಲವು.

ಇನ್ಸುಲಿನ್ನನ್ನೇ ಮಾತ್ರೆಯಾಗಿ ಕೊಡುವ ಸಾಹಸ ಬೆಂಗಳೂರಿನಲ್ಲೂ ನಡೆಯಿತು. ಯೀಸ್ಟ್ ಜೀವಾಣುಗಳಿಂದ ಮಾನವ ಇನ್ಸುಲಿನ್ ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ತಂದ ಬಯೋಕಾನ್ ಸಂಸ್ಥೆ, ಊಟಕ್ಕೆ ಮುನ್ನ ನುಂಗುವ 'ಐಎನ್-105' ಎಂಬ ಮಾತ್ರೆಯನ್ನು ಪ್ರಯೋಗಕ್ಕೆ ಒಡ್ಡಿತು. ಅಣುವಿಗೆ ಪುಟ್ಟ ಬಾಲ ಜೋಡಿಸಿ ಜಠರದಿಂದ ಪಾರುಮಾಡುವ ಉಪಾಯ ಅದು. ಊಟದ ನಂತರದ ಸಕ್ಕರೆಯ ಮೇಲೆ ಪರಿಣಾಮ ಕಂಡರೂ, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಗ್ಗಿಸುವ ಮುಖ್ಯ ಗುರಿಯನ್ನು ಅದು ಮುಟ್ಟಲಿಲ್ಲವೆಂದು 2011ರ ಜನವರಿಯಲ್ಲಿ ತಿಳಿದುಬಂತು. ಕನಸು ಕನಸಾಗಿಯೇ ಉಳಿಯಿತು.

ಮತ್ತೆ ಉಸಿರಿನತ್ತ

ಹಾಗೆಂದು ಉಸಿರಿನ ದಾರಿ ಮುಚ್ಚಿಹೋಗಲಿಲ್ಲ. 2014ರ ಜೂನ್‌ನಲ್ಲಿ ಅಮೆರಿಕದಲ್ಲಿ ಮ್ಯಾನ್‌ಕೈಂಡ್ ಕಂಪನಿಯ 'ಅಫ್ರೆಝಾ'ಗೆ ಒಪ್ಪಿಗೆ ದೊರೆಯಿತು. ಉಪಕರಣ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಹೆಚ್ಚಿನ ವಿಷಯವೆಂದರೆ, ಇದರ ಇನ್ಸುಲಿನ್ ಸುಮಾರು ಕಾಲುಗಂಟೆಯೊಳಗೆ ರಕ್ತದಲ್ಲಿ ಶಿಖರ ಮುಟ್ಟಿ, ಬೇಗನೆ ಇಳಿದುಬಿಡುತ್ತದೆ. ಇದರ ಹಿರಿಮೆ ಸೂಜಿ ತಪ್ಪಿಸಿದ್ದರಲ್ಲಿ ಅಲ್ಲ, ಗ್ರಂಥಿಯ ನಡಿಗೆಗೆ ಹತ್ತಿರವಾದದ್ದರಲ್ಲಿ. ಆದರೆ ನಾಲ್ಕು, ಎಂಟು, ಹನ್ನೆರಡು ಯೂನಿಟ್ಟುಗಳ ಅಳತೆಯಲ್ಲೇ ದೊರೆಯುವುದು, ಕೆಮ್ಮು, ದಮ್ಮಿನ ರೋಗಿಗಳಿಗೆ ನಿಷಿದ್ಧ ಎಂಬ ಮಿತಿಗಳು ಇದಕ್ಕೂ ಇವೆ. 2024ರ ಡಿಸೆಂಬರಿನಲ್ಲಿ ಭಾರತದ ಔಷಧ ನಿಯಂತ್ರಣ ಸಂಸ್ಥೆಯೂ, ಸಿಪ್ಲಾ ಕಂಪನಿಯ ಮೂಲಕ ಇದನ್ನು ತರಲು ಅನುಮತಿ ನೀಡಿತು.

ಈ ಇತಿಹಾಸದಲ್ಲಿ ಒಂದು ಪಾಠವಿದೆ. ಎಕ್ಸುಬೆರಾ ನಿರ್ಮಿಸಿದವರು ಸೂಜಿಯನ್ನೇ ವೈರಿಯೆಂದು ಬಗೆದರು. ಚುಚ್ಚುಮದ್ದಿಗೆ ನಿಜವಾಗಿ ಹೆದರುವವರು ಇದ್ದಾರೆ. ಅವರಿಗೆ ಉಸಿರಿನ ದಾರಿ ವರವೇ ಸರಿ. ಆದರೆ ದಿನವೂ ಇನ್ಸುಲಿನ್ ಬಳಸುವ ಬಹುಮಂದಿಯ ತೊಡಕು ಸಮಯದ್ದು, ಅಳತೆಯದ್ದು, ಹಣದ್ದು. ಪೆನ್ನು ಬಂದದ್ದು ಅಳತೆಯ ತೊಡಕಿಗೆ. ಅಣುವಿನ ತಿದ್ದುಪಡಿ ಸಮಯದ ತೊಡಕಿಗೆ. ಹಣದ ತೊಡಕು ಮಾತ್ರ ಇನ್ನೂ ಹಾಗೆಯೇ ಇದೆ. ಪಂಪು, ಸದಾ ಅಳೆಯುವ ಸಾಧನಗಳು ನಮ್ಮಲ್ಲಿ ಬಹುತೇಕರ ಕೈಗೆ ಎಟುಕುವುದಿಲ್ಲ. ಹಳೆಯ ಸಾಧಾರಣ ಇನ್ಸುಲಿನ್, ಸಿರಿಂಜು, ಊಟಕ್ಕೆ ಅರ್ಧಗಂಟೆ ಮೊದಲು ನೋಡುವ ಗಡಿಯಾರ, ಇವನ್ನೇ ನಂಬಿ ಬಾಳುವವರು ಇಂದಿಗೂ ಅಸಂಖ್ಯ. ಒಂದು ಡಾಲರಿಗೆ ಪೇಟೆಂಟ್ ಬಿಟ್ಟುಕೊಟ್ಟವರ ಆಶಯ, ಮದ್ದು ಎಲ್ಲರ ಎಲೆಯ ಪಕ್ಕಕ್ಕೂ ಬರಲಿ ಎಂಬುದಾಗಿತ್ತಲ್ಲವೆ? ಚುಚ್ಚಿಯೋ ಉಸಿರಾಡಿಯೋ ಎಂಬ ಪ್ರಶ್ನೆ ಅದರ ನಂತರದ್ದು.